ಬ್ರೇನ್ ಗೇಮ್ ಆಡಿದ್ರೆ ಮರೆವಿನ ಕಾಯಿಲೆ ಬರಲ್ವಾ? ಆ ಮೆಸೇಜ್ ಬಗ್ಗೆ

"ದಿನಾ ಮೊಬೈಲಲ್ಲಿ ಬ್ರೇನ್ ಗೇಮ್ ಆಡಿದ್ರೆ ಡಿಮೆನ್ಷಿಯಾ ಬರೋದೇ ಇಲ್ಲ, ಅಮೆರಿಕದಲ್ಲಿ ಪ್ರೂವ್ ಆಗಿದೆ" ಅಂತ ವಾಟ್ಸಾಪಲ್ಲಿ ಓಡಾಡ್ತಿದೆ, ಅದು ಹಾಗಲ್ಲ. ಅಲ್ಲಿ ಆಕ್ಟಿವ್ ಅನ್ನೋ ದೊಡ್ಡ ಸ್ಟಡಿ ನಡೆದಿದ್ದು ನಿಜ, 65 ವರ್ಷ ಮೇಲ್ಪಟ್ಟ 2,800ಕ್ಕೂ ಹೆಚ್ಚು ಜನ ಇದ್ರು, ನೆನಪು, ತರ್ಕ, ವೇಗ ಅಂತ ಮೂರು ಥರ ಟ್ರೈನಿಂಗ್ ಇತ್ತು, ಅದ್ರಲ್ಲಿ ಸ್ಕ್ರೀನ್ ಮೇಲೆ ಕಂಡಿದ್ದನ್ನ ಬೇಗ ಗುರುತಿಸೋ ವೇಗದ ಟ್ರೈನಿಂಗ್ ತಗೊಂಡವ್ರಲ್ಲಿ ಮಾತ್ರ 10 ವರ್ಷದಲ್ಲಿ ಅಪಾಯ 29% ಕಮ್ಮಿ ಅಂತ 2017ರಲ್ಲಿ ವರದಿ ಬಂತು. ಕಮ್ಮಿ ಅಷ್ಟೇ, ಬರೋದೇ ಇಲ್ಲ ಅಂತಲ್ಲ! ನೆನಪಿನ ಟ್ರೈನಿಂಗಲ್ಲಿ ಅಂಥ ಸ್ಪಷ್ಟ ಲಾಭ ಕಾಣ್ಲಿಲ್ಲ. ದಯವಿಟ್ಟು ಇದನ್ನ ನಂಬಿ ಅಪ್ಪ ಅಮ್ಮನ ಬಿಪಿ ಮಾತ್ರೆ, ವಾಕಿಂಗ್ ಬಿಡಿಸ್ಬೇಡಿ. ಇಂಥ ಜಾಹೀರಾತು ಕೊಟ್ಟಿದ್ದಕ್ಕೇ 2016ರಲ್ಲಿ ಲುಮಾಸಿಟಿ ಅನ್ನೋ ಬ್ರೇನ್ ಗೇಮ್ ಆ್ಯಪ್‌ನವ್ರು ಅಲ್ಲಿನ ಸರ್ಕಾರಿ ಸಂಸ್ಥೆ ಎಫ್‌ಟಿಸಿ ಹಾಕಿದ್ದ ಕೇಸಲ್ಲಿ 20 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡ್ಕೊಂಡ್ರು.