ಬಾಗಿಲು ಎರಡು, ಜನ ನಾಲ್ಕು

ನಾನೊಂದು ಸೆಕೆಂಡ್ ಹ್ಯಾಂಡ್ ಕಾರು ತಗೊಂಡಿದ್ದೆ. ವ್ಯಾನಿನಷ್ಟು ಎತ್ತರ, ಒಳಗೆ ಧಾರಾಳ ಜಾಗ, ಬಾಗಿಲು ಮಾತ್ರ ಎರಡೇ. ಕಂಪನಿ ಹೆಸರು ಬೇಡ ಬಿಡಿ. ಪಾಪ, ಅವರೂ ಅದನ್ನು ಮರೆಯೋ ಪ್ರಯತ್ನದಲ್ಲಿರಬಹುದು. "ಇಂಥ ಕಾರು ರಸ್ತೆಯಲ್ಲಿ ಇನ್ನೊಂದು ಕಾಣೋದಿಲ್ಲ ಸಾರ್" ಎಂದು ಮಾರಿದವನು ಹೇಳಿದಾಗ ನಾನು ಅದನ್ನು ಹೊಗಳಿಕೆ ಅಂದುಕೊಂಡೆ.

ಮೊದಲ ಸವಾರಿಗೆ ಹೆಂಡತಿ, ಮಗಳು, ಅತ್ತೆ ಎಲ್ಲರೂ ಹೊರಟೆವು. ಅತ್ತೆಯನ್ನು ಹಿಂದಿನ ಸೀಟಿಗೆ ಹತ್ತಿಸುವುದು ಹೇಗೋ ಆಯಿತು. ಮುಂದಿನ ಸೀಟು ಮಡಚಿ, ಬೆಲ್ಟನ್ನು ಪಕ್ಕಕ್ಕೆ ಹಿಡಿದು, "ತಲೆ ಬಗ್ಗಿಸಿ, ಎಡಗಾಲು ಮೊದಲು, ಅಲ್ಲ ಅಲ್ಲ, ಬಲಗಾಲು" ಎಂದು ಹೇಳಿಕೊಟ್ಟೆ. ಕಥೆ ಇದ್ದದ್ದು ಇಳಿಯುವಾಗ. ಪಾರ್ಕಿಂಗ್‌ನಲ್ಲಿ ಎರಡೂ ಪಕ್ಕ ಕಾರುಗಳು ಒತ್ತಿಕೊಂಡು ನಿಂತಿದ್ದವು. ನನ್ನ ಕಾರಿನ ಬಾಗಿಲೋ ಮಂಚದಷ್ಟು ಉದ್ದ. ಗೇಣು ತೆರೆಯುವಷ್ಟರಲ್ಲಿ ಪಕ್ಕದ ಕಾರಿಗೆ ಟಕ್ ಅಂತ ತಾಗಿತು. ನಾನು ಹೊಟ್ಟೆ ಒಳಗೆಳೆದುಕೊಂಡು ಹೊರಗೆ ಜಾರಿದೆ. ಆ ಕಡೆಯಿಂದ ಹೆಂಡತಿಯೂ ಜಾರಿದಳು. ಅತ್ತೆಯ ಕೈಚೀಲದ ಹಿಡಿ ಸೀಟಿನ ಲಿವರ್‌ಗೆ ಸಿಕ್ಕಿಕೊಂಡಿತು. ಬಿಡಿಸೋಕೆ ಹೋದರೆ ಸೀಟು ದಢಕ್ಕನೆ ಹಿಂದೆ ಸರಿದು ಅವರ ಮೊಣಕಾಲಿಗೇ ಬಂತು. ಕಡೆಗೆ ಡಿಕ್ಕಿ ತೆಗೆದೆ. ಮಗಳು ಹಾರಿ ಇಳಿದಳು. ಹಿಂದಿನ ಸೀಟು ಮಲಗಿಸಿದ ಮೇಲೆ ಅತ್ತೆ ತೆವಳಿಕೊಂಡು ಬಂದರು. ಎದುರಿನ ಕಾರಿನಲ್ಲಿದ್ದ ಮಗುವೊಂದು ಚಪ್ಪಾಳೆ ತಟ್ಟಿತು.

"ಅಳಿಯಂದ್ರೇ, ಇಂಥ ಕಾರು ಬೇಕೂಂತ ಯಾರು ಕೇಳಿದ್ರಂತೆ?" ಎಂದರು ಅತ್ತೆ.

ಆ ರಾತ್ರಿ ಅದನ್ನೇ ಹುಡುಕುತ್ತಾ ಕೂತೆ. ಯಾರೂ ಕೇಳದ ಇಂಥ ಕಾರುಗಳು ಇನ್ನೂ ಇವೆ ಅಂತ ಗೊತ್ತಾಗಿ ಸಮಾಧಾನ ಆಯಿತು. 2001ರಲ್ಲಿ ರೆನೋದವರು ಅವಾಂಟೈಮ್ ಅಂತ ಒಂದನ್ನು ತಂದರು. ಅದೂ ಎತ್ತರದ ವ್ಯಾನೇ, ಅದಕ್ಕೂ ಪಕ್ಕದಲ್ಲಿ ಎರಡೇ ಬಾಗಿಲು. ಮಕ್ಕಳು ದೊಡ್ಡವರಾದರೂ ವ್ಯಾನಿನ ಮೋಹ ಬಿಡದವರಿಗೆ ಅಂತ ಲೆಕ್ಕ. ಇಕ್ಕಟ್ಟಿನಲ್ಲೂ ತೆರೆಯಲಿ ಅಂತ ಆ ಉದ್ದನೆ ಬಾಗಿಲಿಗೆ ಜೋಡಿ ಕೀಲು ಬೇರೆ ಕೂರಿಸಿದ್ದರು. ನನ್ನದಕ್ಕೆ ಆ ಭಾಗ್ಯವೂ ಇರಲಿಲ್ಲ. 2003ರಲ್ಲಿ ನಿಲ್ಲಿಸುವ ಹೊತ್ತಿಗೆ ತಯಾರಾಗಿದ್ದು 8,557 ಅಷ್ಟೇ.

ನನಗೆ ಜಾಸ್ತಿ ಇಷ್ಟವಾದದ್ದು ಲಿಂಕನ್ ಬ್ಲ್ಯಾಕ್‌ವುಡ್. ಪಿಕಪ್ ಟ್ರಕ್ಕು, ಆದರೆ ಸಾಮಾನು ಹಾಕುವ ಜಾಗಕ್ಕೆ ಕಾರ್ಪೆಟ್! ಇಟ್ಟಿಗೆ ಚಪ್ಪಲಿ ಬಿಟ್ಟು ಒಳಗೆ ಬರಬೇಕಿತ್ತೋ ಏನೋ. ಬಣ್ಣ ಕಪ್ಪೊಂದೇ. ಅಮೆರಿಕದಲ್ಲಿ 2002ರ ಮಾಡೆಲ್ ಆಗಿ ಬಂತು, ಅಲ್ಲಿಗೇ ಮುಗಿಯಿತು. ದುಬಾರಿ ಸ್ಪೋರ್ಟ್ಸ್ ಕಾರು ಮಾಡುವ ಆಸ್ಟನ್ ಮಾರ್ಟಿನ್‌ನವರು 2011ರಲ್ಲಿ ಮಾರಿದ ಸಿಗ್ನೆಟ್ ಅಂತೂ ಪುಟಾಣಿ ಟೊಯೋಟಾ ಐಕ್ಯೂಗೆ ಚರ್ಮದ ಸೀಟು ಹಾಕಿ, ಮೂತಿ ಬದಲಾಯಿಸಿ, ಬೆಲೆ ಎರಡು ಪಟ್ಟಿಗೂ ಜಾಸ್ತಿ ಮಾಡಿದ್ದು. ಅದಕ್ಕಾದರೂ ಒಂದು ನೆಪ ಇತ್ತು. ಯುರೋಪಿನ ಹೊಗೆ ನಿಯಮಕ್ಕೆ ಕಂಪನಿಯ ಎಲ್ಲಾ ಕಾರುಗಳ ಹೊಗೆಯ ಸರಾಸರಿ ಇಳಿಸಬೇಕಿತ್ತು. ಗಿರಾಕಿ ಕೇಳಿರಲಿಲ್ಲ, ಕಾನೂನು ಕೇಳಿತ್ತು.

ಬೆಳಿಗ್ಗೆ ಅತ್ತೆಗೆ ಆಂಫಿಕಾರ್ ಕಥೆ ಹೇಳಿದೆ. 1961ರ ಜರ್ಮನ್ ಕಾರು, ನೀರಲ್ಲೂ ತೇಲುತ್ತಿತ್ತು. ಮುಂದಿನ ಚಕ್ರಗಳೇ ಅದರ ಚುಕ್ಕಾಣಿ. ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ "ಬ್ರೇಕ್ ಹೋಯ್ತು" ಅಂತ ಕೂಗುತ್ತಾ ಅತಿಥಿಗಳ ಸಮೇತ ಅದನ್ನು ನೀರಿಗೆ ಇಳಿಸುತ್ತಿದ್ದರಂತೆ.

"ಇಳಿಯೋಕೆ ಬಾಗಿಲು ಎಷ್ಟಿತ್ತು?" ಎಂದರು ಅತ್ತೆ.

"ಎರಡು."

ಅವರು ಮತ್ತೇನೂ ಕೇಳಲಿಲ್ಲ.

ಈಗ ಕಾರು ಮಾರಾಟಕ್ಕಿದೆ. ಹೋದ ವಾರ ಒಬ್ಬರು ನೋಡೋಕೆ ಬಂದಿದ್ದರು. ಸುತ್ತು ಹಾಕಿದರು, ಬಾನೆಟ್ ತೆಗೆಸಿದರು, ಎಲ್ಲಾ ಒಪ್ಪಿಗೆಯಾಯಿತು. "ಹಿಂದೆ ಒಂದ್ಸಲ ಕೂತು ನೋಡ್ತೀನಿ" ಎಂದರು. ಬೇಡ ಅನ್ನೋಕಾಗುತ್ತಾ? ನಾನು ಸುಮ್ನೆ ಹೋಗಿ ಡಿಕ್ಕಿ ತೆಗೆದು ನಿಂತೆ.