ಕೂಸಿನ ಪುಡಿ ಹಾಲಿಗೆ ಡಾಕ್ಟರ ಚೀಟಿ ಕಡ್ಡಾಯ ಮಾಡಬೇಕೆ?

ಪರ: ಚೀಟಿ ಇಲ್ಲದೆ ಡಬ್ಬಿ ಕೊಡಬಾರದು

ಎಮ್ಮೆ ಈದರೆ ಗಿಣ್ಣ ಕಾಯಿಸಿ ಓಣಿಗೆಲ್ಲ ಹಂಚುವ ಮಂದಿ ನಾವು. ಬಾಣಂತಿಯ ಮೊದಲ ಹಳದಿ ಹಾಲನ್ನು ಮಾತ್ರ ಹಿಂಡಿ ಚೆಲ್ಲಿಸುತ್ತಿದ್ದೆವು. ನಾನು ರೋಣ ತಾಲ್ಲೂಕಿನ ಹಳ್ಳಿಗಳಲ್ಲಿ ನರ್ಸ್ ಆಗಿ ಸೇರಿದಾಗ ಮೊದಲ ಮೂರು ದಿನ ಕೂಸಿಗೆ ಒಳಲೆಯಲ್ಲಿ ಸಕ್ಕರೆ ನೀರು, ಜೇನುತುಪ್ಪ. ‘ಆ ಹಾಲು ಕೂಸಿಗೆ ಆಗಂಗಿಲ್ರಿ’ ಅನ್ನುತ್ತಿದ್ದರು ಅಜ್ಜಿಯರು. ಅವರ ಮನಸ್ಸು ತಿರುಗಿಸುವುದರಲ್ಲೇ ನನ್ನ ಅರ್ಧ ನೌಕರಿ ಕಳೆಯಿತು.

ಈಗ ಒಳಲೆ ಹೋಗಿ ಡಬ್ಬಿ ಬಂದಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. 2015-16ರಲ್ಲಿ ದೇಶದ ನೂರಕ್ಕೆ 79 ಹೆರಿಗೆ ಆಸ್ಪತ್ರೆಯಲ್ಲಿ ಆಗುತ್ತಿದ್ದವು. 2019-21ಕ್ಕೆ ಅದು ಸುಮಾರು 89 ಆಯಿತು. ಆದರೆ ಹುಟ್ಟಿದ ಒಂದು ತಾಸಿನೊಳಗೆ ಎದೆಹಾಲು ಕುಡಿದ ಮಕ್ಕಳು ಆಗಲೂ ನೂರಕ್ಕೆ 42, ಆಮೇಲೂ 42. ಆಸ್ಪತ್ರೆಗೆ ಬಂದರೂ ಕೂಸಿಗೆ ಹಾಲು ಸಿಗಲಿಲ್ಲ ಅಂದರೆ ಏನು ಹೇಳೋಣ?

ನನ್ನ ಮಗಳದೇ ಕಥೆ ಕೇಳಿ. ಸಿಸೇರಿಯನ್ ಆದ ರಾತ್ರಿ ನಾನು ಊಟ ತರಲು ಮನೆಗೆ ಹೋಗಿದ್ದೆ. ‘ಹಾಲು ಬಂದಿಲ್ರಿ, ಡಬ್ಬಿ ತರ್ರಿ’ ಅಂದರಂತೆ ಆಸ್ಪತ್ರೆಯವರು. ಅಳಿಯ ಗಾಬರಿಯಾಗಿ ಕೆಳಗಿನ ಅಂಗಡಿಯಿಂದ ತಂದುಕೊಟ್ಟ. ಮೊದಲ ದಿನ ಕೂಸಿಗೆ ಬೇಕಾಗುವುದು ಸಲಕ್ಕೆ ಒಂದೆರಡು ಚಮಚೆ, ಅಷ್ಟು ಆಕೆಯಲ್ಲಿ ಇತ್ತು. ಬಾಟಲಿಯ ರುಚಿ ಕಂಡ ಕೂಸು ಎದೆಗೆ ಬಾಯಿ ಹಚ್ಚಲೇ ಇಲ್ಲ. ಕೂಸು ಚೀಪಿದಷ್ಟು ಹಾಲು. ಚೀಪದಿದ್ದರೆ ಹಾಲು ಬತ್ತುತ್ತದೆ, ಆಗ ಮತ್ತೊಂದು ಡಬ್ಬಿ. ಹನ್ನೊಂದು ದಿನ ಹಗಲು ರಾತ್ರಿ ಕೂತು ಕೂಸನ್ನು ಎದೆಗೆ ತಂದೆ. ನರ್ಸ್ ಅವ್ವ ಎಲ್ಲರಿಗೂ ಇರುತ್ತಾಳಾ? ಅಂಗಡಿಯವರು ಚೀಟಿ ಕೇಳಿದ್ದರೆ ಆ ರಾತ್ರಿ ಯಾರಾದರೂ ಡಾಕ್ಟರು ಬಂದು ಆಕೆಯ ಎದೆ ನೋಡುತ್ತಿದ್ದರು. ಕೂಸು ಚೀಪಬೇಕು, ಅಷ್ಟೇ. ಅದಕ್ಕೆ ಅಡ್ಡ ಬರುವ ಡಬ್ಬಿ ಅಷ್ಟು ಸುಲಭಕ್ಕೆ ಸಿಗಬಾರದು.

ದುಡಿಯುವ ಹೆಂಗಸರು ಏನು ಮಾಡಬೇಕು ಅಂತ ಕೇಳುತ್ತಾರೆ. ನಮ್ಮವ್ವ ಹತ್ತಿ ಬಿಡಿಸುತ್ತಲೇ ಐದು ಮಕ್ಕಳಿಗೆ ಹಾಲುಣಿಸಿದಳು. ಬೇವಿನ ಗಿಡಕ್ಕೆ ಸೀರೆಯ ಜೋಳಿಗೆ ಕಟ್ಟಿ, ಸಾಲು ಮುಗಿದಾಗೊಮ್ಮೆ ಬಂದು ಕುಡಿಸುತ್ತಿದ್ದಳು. ಮನಸ್ಸಿದ್ದರೆ ಆಗುತ್ತದೆ.

ವಿರೋಧ: ಚೀಟಿಯಿಂದ ಹಾಲು ಬರುವುದಿಲ್ಲ

ಈ ಬದಿ ಬರೆಯಲು ನನ್ನನ್ನು ಕೇಳಿದಾಗ ಒಪ್ಪಿಕೊಂಡೆ, ಆದರೆ ಅರ್ಧ ಮನಸ್ಸಿನಿಂದಲೇ. ಎದೆಹಾಲಿಗಿಂತ ಪುಡಿ ಹಾಲು ಒಳ್ಳೆಯದು ಅಂತ ನಾನು ಎಲ್ಲೂ ಹೇಳುವುದಿಲ್ಲ.

1992ರ ಕಾನೂನು ಈಗಾಗಲೇ ಇದೆ. ಕೂಸಿನ ಪುಡಿ ಹಾಲಿನ ಜಾಹೀರಾತು ಮಾಡುವಂತಿಲ್ಲ, ಬಾಣಂತಿಗೆ ಪುಕ್ಕಟೆ ಡಬ್ಬಿ ಕೊಡುವಂತಿಲ್ಲ. ಡಬ್ಬಿಯ ಮೇಲೆ ಕೂಸಿನ ಚಿತ್ರವೂ ಇರಬಾರದು. ಮೊದಲ ಆರು ತಿಂಗಳು ಬರೀ ಎದೆಹಾಲು ಕುಡಿಯುವ ಮಕ್ಕಳು 2005-06ರಲ್ಲಿ ನೂರಕ್ಕೆ 46 ಇದ್ದರು, 2019-21ಕ್ಕೆ 64 ಆದರು. ಚೀಟಿ ಇಲ್ಲದೆಯೇ ಇಷ್ಟಾಗಿದೆ, ಅಲ್ವಾ?

ನಾನು ಹುಬ್ಬಳ್ಳಿಯ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೆ. 2017ರಿಂದ ಹೆರಿಗೆ ರಜೆ 26 ವಾರ. ಆದರೆ ಆ ಕಾನೂನು ಹತ್ತು ಜನರಿಗಿಂತ ಕಡಿಮೆ ಇರುವ ಅಂಗಡಿಗೆ ಇಲ್ಲ. ನಾವು ಆರು ಜನ ಇದ್ದೆವು. ಎರಡು ತಿಂಗಳಿಗೆ ಮಗನನ್ನು ಅತ್ತೆಯ ಕೈಗೆ ಕೊಟ್ಟು ಧಾರವಾಡದಿಂದ ಚಿಗರಿ ಬಸ್ ಹತ್ತಿದೆ. ಮಧ್ಯಾಹ್ನದ ಹೊತ್ತಿಗೆ ಕುಪ್ಪಸ ತೋಯುತ್ತಿತ್ತು. ಸೆರಗು ಹೊದ್ದು ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸುತ್ತಿದ್ದೆ. ಹಿಂಡಲು ಇದ್ದ ಜಾಗ ಅಂದರೆ ಹಿಂದಿನ ಸಂಡಾಸು ಒಂದೇ. ಅಲ್ಲಿ ಹಿಂಡಿದ್ದನ್ನು ಚೆಲ್ಲದೆ ಬೇರೆ ದಾರಿ ಇರಲಿಲ್ಲ. ಅಕ್ಕಾರ, ಅಂಗಡಿಯ ಕೌಂಟರಿಗೆ ಜೋಳಿಗೆ ಕಟ್ಟಲು ಯಾರೂ ಬಿಡುವುದಿಲ್ಲ.

ಆಗ ಚೀಟಿ ಕಡ್ಡಾಯ ಇದ್ದಿದ್ದರೆ ಡಾಕ್ಟರ ಫೀಜು ಕೊಡಬೇಕಿತ್ತು, ಒಂದು ದಿನದ ಪಗಾರವೂ ಹೋಗುತ್ತಿತ್ತು. ನಾನು ಹೇಗೋ ಕೊಡುತ್ತಿದ್ದೆ. ಕೊಡಲು ಆಗದವರು ಏನು ಮಾಡುತ್ತಾರೆ? ಪ್ಯಾಕೆಟ್ ಹಾಲಿಗೆ ನೀರು ಬೆರೆಸಿ ಬಾಟಲಿಗೆ ಹಾಕುತ್ತಾರೆ. ನಮ್ಮ ಓಣಿಯಲ್ಲೇ ನೋಡಿದ್ದೇನೆ. ಎರಡು ತಿಂಗಳ ಕೂಸಿಗೆ ಅದು ಪುಡಿ ಹಾಲಿಗಿಂತ ಕೆಟ್ಟದ್ದು.

ಹೆರಿಗೆ ವಾರ್ಡಿನ ಮೊದಲ ಮೂರು ದಿನಕ್ಕೆ ಮಾತ್ರ ಚೀಟಿ ಕಡ್ಡಾಯ ಅಂದರೆ ನಾನೂ ಕೈ ಎತ್ತುತ್ತೇನೆ. ಅಕ್ಕಾರ ಮಗಳಿಗೆ ಆದದ್ದು ಯಾರಿಗೂ ಆಗಬಾರದು. ನನ್ನ ಮಗನಿಗೆ ಈಗ ನಾಲ್ಕು ವರ್ಷ. ಮೂರನೇ ತಿಂಗಳಿಗೆ ಅವನು ಎದೆ ಬಿಟ್ಟ. ಆ ಸಂಜೆ ಕೆಲಸ ಮುಗಿಸಿ ಬಂದು ಎತ್ತಿಕೊಂಡರೆ ಮುಖ ತಿರುಗಿಸಿ ಬಾಟಲಿ ನೋಡಿದ.