ಹೊಸ ಫಾರಂ ಯಾವ ಕೌಂಟರಲ್ಲಿ ಕೊಡುತ್ತಾರೆ, ಯಾರಾದರೂ ಹೇಳಿ

ಈಗಷ್ಟೇ ಮನೆಗೆ ಬಂದೆ. ಊಟ ಇಳಿಯುತ್ತಿಲ್ಲ.

ಸ್ಕಾಲರ್‌ಶಿಪ್ಪಿನ ಮುಚ್ಚಳಿಕೆ ಫಾರಂ ಕೊಟ್ಟವರೇ ಆ ಕಾಲೇಜು ಆಫೀಸಿನವರು. ಅದೇ ಕಿಟಕಿ, ಅದೇ ಮನುಷ್ಯ, ಹೋದ ವಾರ. ಇವತ್ತು ತಿರುಗಿಸಿ ನೋಡಿ "ಇದು ಹೋದ ವರ್ಷದ್ದಲ್ವಾ?" ಅನ್ನುತ್ತಾರೆ. ಅದೂ ಯಾವಾಗ? ಅಪ್ಪನ ಹತ್ತಿರ ಹೆಬ್ಬೆಟ್ಟು ಒತ್ತಿಸಿಕೊಂಡ ಮೇಲೆ!

ಮುಚ್ಚಳಿಕೆಗೆ ಪೋಷಕರ ಸಹಿ ಬೇಕಂತೆ. ಸ್ಕಾಲರ್‌ಶಿಪ್ ಬರದಿದ್ದರೆ ಬಾಕಿ ಫೀ ನಾವೇ ಕಟ್ಟುತ್ತೇವೆ ಅಂತ. ಅಪ್ಪ ಒಂದು ದಿನದ ಕೂಲಿ ಬಿಟ್ಟು, ಮದುವೆಗೆ ಹಾಕುವ ಬಿಳಿ ಅಂಗಿ ತೊಟ್ಟು ಬಂದಿದ್ದರು. ಸಹಿ ಬರೋದಿಲ್ಲ ಅಂದಾಗ ಇಂಕ್ ಪ್ಯಾಡ್ ಮುಂದೆ ತಳ್ಳಿದರು. ಅಪ್ಪ ಒತ್ತಿದರು. ಬರೀ ನೀಲಿ ಮಚ್ಚೆ.

"ಗೆರೆನೇ ಇಲ್ವಲ್ರೀ. ಇನ್ನೊಂದ್ಸಲ."

ಇನ್ನೊಂದು ಸಲ.

"ಅಷ್ಟು ಜೋರಾಗಿ ಒತ್ತಬೇಡ್ರೀ."

ಮೂರನೇ ಸಲ ತಾವೇ ಅಪ್ಪನ ಬೆರಳು ಹಿಡಿದು ಒತ್ತಿಸಿದರು. ಆಗಲೂ ಮಚ್ಚೆ. ಇಷ್ಟು ವರ್ಷ ಸಿಮೆಂಟು ಕಲಸಿದ ಕೈ ಸ್ವಾಮಿ, ಗೆರೆ ಎಲ್ಲಿಂದ ಬರಬೇಕು? ರೇಷನ್ ಅಂಗಡಿ ಮಷಿನ್ನೇ ಆ ಬೆರಳು ಹಿಡಿಯೋದಿಲ್ಲ. ಇವರು ಕ್ಯೂಗೆಲ್ಲ ಕೇಳುವ ಹಾಗೆ, "ಮನೇಲಿ ಓದಿದವರು ಯಾರೂ ಇಲ್ವೇನ್ರೀ?" ಅಂದರು.

ಅಪ್ಪ ಇಂಕು ಹತ್ತಿದ ಅದೇ ಬೆರಳನ್ನು ನನ್ನ ಕಡೆ ತೋರಿಸಿದರು. "ಇವ್ನೇ ಸಾರ್ ಓದ್ತಿರೋದು." ಹೆಮ್ಮೆಯಿಂದ! ಹಿಂದೆ ನನ್ನ ಕ್ಲಾಸಿನವರು ಮೂರು ಜನ. ನಾನು ಏನು ಮಾಡಿದೆ ಗೊತ್ತಾ? ಮೊಬೈಲ್ ತೆಗೆದು ನೋಡಿದೆ. ಚಾರ್ಜ್ ಇರಲಿಲ್ಲ, ಆಫ್ ಆಗಿತ್ತು. ಆದರೂ ನೋಡುತ್ತಾ ನಿಂತೆ.

ಹೋಗಲಿ, ಅವರದೇನು ತಪ್ಪು. ದಿನಕ್ಕೆ ಎಷ್ಟು ಜನರನ್ನ ನೋಡಬೇಕು ಪಾಪ. ಏನು ಪಾಪ? ಹೋದ ವಾರ ಸರಿಯಾದ ಫಾರಂ ಕೊಡಲು ಏನಾಗಿತ್ತು?

ನಮ್ಮ ಬೀದಿಯವರ ಅರ್ಜಿ ಎಲ್ಲ ತುಂಬಿಕೊಡುವವನು ನಾನೇ. ದೊಡ್ಡ ಜಾಣ. ಈ ಜಾಣ ಫಸ್ಟ್ ಇಯರಲ್ಲಿ "ಬೋನಫೈಡ್ ತಗೊಂಡು ಬಾ" ಅಂದಿದ್ದಕ್ಕೆ ಸ್ಟೇಷನರಿ ಅಂಗಡಿಗೆ ಹೋಗಿ "ಒಂದು ಬೋನಫೈಡ್ ಕೊಡಿ" ಅಂದಿದ್ದ. ಅದು ಇವನು ಇಲ್ಲಿ ಓದುತ್ತಿದ್ದಾನೆ ಅಂತ ಕಾಲೇಜೇ ಕೊಡುವ ಪತ್ರ. ಸ್ಕಾಲರ್‌ಶಿಪ್ ಅರ್ಜಿ ಹಾಕುವ ಎಸ್‌ಎಸ್‌ಪಿ ಪೋರ್ಟಲ್‌ಗೆ ಇ-ಅಟೆಸ್ಟೇಷನ್, ಅಂದರೆ ದಾಖಲೆಗಳ ಆನ್‌ಲೈನ್ ದೃಢೀಕರಣ, ಬೇಕು ಅಂತ ಮೂರು ದಿನ ನಾಡಕಚೇರಿ ಸುತ್ತಿದ್ದ. ಅದು ಕಾಲೇಜಿನಲ್ಲೇ ಆಗೋದಂತೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿದರೆ ಸಾಲದು, ಸರ್ಕಾರದ ದುಡ್ಡು ಯಾವ ಖಾತೆಗೆ ಬರಬೇಕು ಅಂತ ಗುರುತಿಸುವ ಎನ್‌ಪಿಸಿಐ ಮ್ಯಾಪಿಂಗ್ ಬೇರೆ ಆಗಬೇಕು ಅಂತ ಇವನಿಗೆ ಯಾರು ಹೇಳಬೇಕು? ಉಳಿದವರಿಗೆ ಅಕ್ಕನೋ ಮಾವನೋ ಮೊದಲೇ ಹೇಳಿರುತ್ತಾರೆ. ನಮ್ಮನೇಲಿ ಎಲ್ಲರೂ ನನ್ನನ್ನೇ ಕೇಳುತ್ತಾರೆ.

ಸ್ಕಾಲರ್‌ಶಿಪ್ಪೇ ಬೇಡ ಅನ್ನಿಸಿದೆ. ಬಿಟ್ಟೆ. ಊಟ, ವಸತಿಗೆ ಅಂತ ಸರ್ಕಾರ ಕೊಡುವ ವಿದ್ಯಾಸಿರಿ ಬಂದರೆ ತಿಂಗಳ ಲೆಕ್ಕದಲ್ಲಿ ದುಡ್ಡು ಬರುತ್ತೆ. ಅಷ್ಟು ದುಡ್ಡು ಬಿಡೋಕಾಗುತ್ತಾ? ಬಿಡಲ್ಲ.

ಬಸ್ಸಲ್ಲಿ ಅಪ್ಪ ಬೆರಳಿನ ಇಂಕನ್ನು ತಲೆಕೂದಲಿಗೆ ಒರೆಸಿಕೊಳ್ಳುತ್ತಾ "ಮತ್ತೆ ಬರ್ಬೇಕಾ? ಸೋಮವಾರ ಮೋಲ್ಡ್ ಹಾಕೋದಿದೆ" ಅಂದರು. ನಾನು ಗೊತ್ತಿಲ್ಲ ಅಂದೆ.

ಈ ವರ್ಷದ ಫಾರಂ ಫೋಟೋ ಫ್ರೆಂಡ್ ಕಳಿಸಿದ. ಪಕ್ಕಪಕ್ಕ ಇಟ್ಟು ಸಾಲು ಸಾಲು ನೋಡಿದೆ. ಮೇಲೆ ಇಸವಿ ಮಾತ್ರ ಬೇರೆ. ಪೆನ್ನಲ್ಲಿ ಒಂದು ಅಂಕಿ ತಿದ್ದಿದ್ದರೆ ಆಗುತ್ತಿರಲಿಲ್ವಾ? ಯಾರಾದರೂ ಉತ್ತರ ಕೊಡಿ.